ಷರಿಯತ್ ನಂಬುವವರು ಸಂವಿಧಾನವನ್ನು ಮನಸಾರೆ ಒಪ್ಪುತ್ತಾರಾ?

ಪ್ರಶ್ನೆ: ಧರ್ಮದ ಕಾನೂನೇ ದೊಡ್ಡದು ಅನ್ನುವ ಮುಸ್ಲಿಮರು ಜಾತ್ಯತೀತ ದೇಶದಲ್ಲಿ ಮನಸಾರೆ ಬಾಳೋಕೆ ಆಗುತ್ತಾ? ಬೇರೆ ದಾರಿ ಇಲ್ಲ ಅಂತ ಸುಮ್ನೆ ಇದ್ದಾರಾ?
(ಓದುಗರೊಬ್ಬರು, ಹಾಸನ)

ಆಗುತ್ತದೆ, ಬಾಳುತ್ತಲೂ ಇದ್ದಾರೆ. ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಈ ಮಾತನ್ನು ಬೆನ್ನ ಹಿಂದೆ ಆಡುವವರೇ ಜಾಸ್ತಿ.

ನಿಮ್ಮ ಹಾಸನದಲ್ಲೇ ಒಂದು ನಿಖಾ ನೋಡಿ. ಕಾಜಿಯವರ ಮುಂದೆ ಉದ್ದನೆಯ ರಿಜಿಸ್ಟರ್ ಇರುತ್ತದೆ. ಮದುಮಕ್ಕಳ ಹೆಸರು, ಮಹರ್ (ವರ ವಧುವಿಗೆ ಕೊಡುವ ಹಣ ಅಥವಾ ಒಡವೆ) ಎಷ್ಟು, ವಧುವಿನ ಪರವಾಗಿ ಮಾತಾಡುವ ವಕೀಲರು ಯಾರು, ಸಾಕ್ಷಿಗಳು ಯಾರು, ಎಲ್ಲ ಬರೆದು ಸಹಿ ಹಾಕಿಸುತ್ತಾರೆ. ಆಮೇಲೆ ಎಷ್ಟೋ ಜೋಡಿಗಳು ಅದೇ ನಿಖಾನಾಮ ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆ ನೋಂದಣಿ ಮಾಡಿಸುತ್ತಾರೆ. ಎರಡೂ ಕಾಗದ ಒಂದೇ ಕವರಿನಲ್ಲಿ ಬೀರು ಸೇರುತ್ತವೆ.

ಮುಸ್ಲಿಮರಿಗೆ ಎಲ್ಲದಕ್ಕೂ ಬೇರೆ ಕಾನೂನು ಇದೆ ಎಂದು ಬಹಳ ಜನ ತಿಳಿದಿದ್ದಾರೆ. 1937ರ ಷರಿಯತ್ ಕಾಯ್ದೆ ಮದುವೆ, ತಲಾಖ್, ಆಸ್ತಿಯ ಪಾಲು, ವಕ್ಫ್‌ನಂಥ ಕೆಲವು ವಿಷಯಗಳಿಗೆ ಮಾತ್ರ. ಕಳ್ಳತನ, ಕೊಲೆ, ತೆರಿಗೆಗೆಲ್ಲ ನಿಮಗಿರುವ ಕಾನೂನೇ ಅವರಿಗೂ. ಫತ್ವಾಗೆ, ಅಂದರೆ ಧರ್ಮಪಂಡಿತರು ಕೊಡುವ ಅಭಿಪ್ರಾಯಕ್ಕೆ, ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಇನ್ನು ಧರ್ಮದ ಮಾತು. ಕುರಾನಿನ ಐದನೇ ಅಧ್ಯಾಯ ಶುರುವಾಗುವುದೇ 'ಕರಾರುಗಳನ್ನು ಪಾಲಿಸಿ' ಎಂಬ ಆಜ್ಞೆಯಿಂದ. ಹಿಂದೂಗಳು, ಮುಸ್ಲಿಮರು ಸೇರಿ ಒಂದೇ ರಾಷ್ಟ್ರ ಎಂದು ಉತ್ತರ ಪ್ರದೇಶದ ದೇವಬಂದ್ ಮದರಸಾದ ಮೌಲಾನಾ ಹುಸೇನ್ ಅಹ್ಮದ್ ಮದನಿ 1938ರಲ್ಲಿ ವಾದಿಸಿದರು. ಪ್ರವಾದಿಯವರು ಮದೀನಾದಲ್ಲಿ ಯಹೂದಿಗಳನ್ನೂ ಸೇರಿಸಿಕೊಂಡು ಮಾಡಿದ ಒಪ್ಪಂದವೇ ಅವರಿಗೆ ಆಧಾರ. ಮದನಿ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ದಾಖಲೆ) ಪಾಠ ಹೇಳುತ್ತಿದ್ದ ಪಕ್ಕಾ ಸಂಪ್ರದಾಯಸ್ಥರು. ಪಾಕಿಸ್ತಾನ ಬೇಡ ಎಂದು ಅವರು ಹಟ ಹಿಡಿದದ್ದು ಧರ್ಮವನ್ನು ಓದಿಕೊಂಡೇ. ಇದಕ್ಕೆ ಒಪ್ಪದವರೂ ಇದ್ದರು. ಜಾತ್ಯತೀತ ರಾಜ್ಯವೇ ತಪ್ಪು ಎಂದ, ಜಮಾತೆ ಇಸ್ಲಾಮಿ ಸಂಘಟನೆ ಕಟ್ಟಿದ ಮೌದೂದಿ 1947ರಲ್ಲಿ ಲಾಹೋರಿಗೆ ಹೋದರು.

ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ, ಭಾರತೀಯರಾಗಿರುವುದಕ್ಕೆ ತುಂಬಾ ಹೆಮ್ಮೆ ಎಂದ ಮುಸ್ಲಿಮರು ನೂರಕ್ಕೆ 95. ಕುಟುಂಬದ ತಕರಾರುಗಳಿಗೆ ನಮ್ಮದೇ ಧಾರ್ಮಿಕ ನ್ಯಾಯಾಲಯ ಇರಲಿ ಎಂದವರು 74. ಎರಡನ್ನೂ ಒಟ್ಟಿಗೆ ಹೇಳುವವರಿಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ನನಗೂ ಕಾಣುವುದಿಲ್ಲ.

ಹಾಗಂತ ಒಳಗೆ ಜಗಳವೇ ಇಲ್ಲ ಎಂದಲ್ಲ. ಒಂದೇ ಉಸಿರಿಗೆ ಕೊಡುವ ಮೂರು ತಲಾಖ್ ವಿರುದ್ಧ ಕೋರ್ಟಿಗೆ ಹೋದವರು ಮುಸ್ಲಿಂ ಹೆಂಗಸರೇ. 2017ರಲ್ಲಿ ಗೆದ್ದಾಗ ತೀರ್ಪಿನಲ್ಲಿ ಸಂವಿಧಾನವೂ ಇತ್ತು, ಕುರಾನೂ ಇತ್ತು.

ಅಸಮಾಧಾನ ಇದೆಯಾ? ಇದೆ. ಅದು ಸರ್ಕಾರ ಎಲ್ಲರನ್ನೂ ಸಮನಾಗಿ ನೋಡುತ್ತಿದೆಯಾ ಎನ್ನುವುದರ ಬಗ್ಗೆ. ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ಕಾಜಿಯವರು ಕುರಾನ್ ಪಠಿಸುತ್ತ ಬಂದಿದ್ದ ಪದ್ಧತಿ ನಿಮಗೆ ಗೊತ್ತಲ್ವಾ? 2022ರಲ್ಲಿ ಅದನ್ನು ನಿಲ್ಲಿಸಿ ಎಂಬ ಒತ್ತಡ ಬಂತು. ಮುಜರಾಯಿ ಇಲಾಖೆ ಸಂಪ್ರದಾಯದಂತೆಯೇ ನಡೆಯಲಿ ಎಂದಿತು, ಪಠಣವೂ ಆಯಿತು. ಜಾತ್ಯತೀತ ಸರ್ಕಾರದಿಂದ ಬಹುಪಾಲು ಮುಸ್ಲಿಮರು ಕೇಳುವುದು ಇಷ್ಟನ್ನೇ: ಒತ್ತಡ ಯಾರ ಕಡೆಯಿಂದ ಬಂದರೂ ಒಪ್ಪಿಕೊಂಡದ್ದನ್ನು ನಡೆಸಿಕೊಡಿ.