ಎಲುಬಿನ ತುಣುಕನ್ನೆಲ್ಲ ಫಾರ್ಮಾಲಿನ್‌ಗೆ ಹಾಕಬೇಡಿ

ಟ್ರ್ಯಾಕ್ಟರ್ ಮಗುಚಿ ಮೊಳಕಾಲ ಕೆಳಗಿನ ಎಲುಬು ಚರ್ಮ ಸೀಳಿ ಹೊರಬಂದಿದೆ ಅನ್ನಿ. ಅದು ಶಹಾಪುರದ ಕಡೆ ಕಾಲುವೆ ನೀರಿನಲ್ಲಾಯಿತೋ, ಕಲಬುರಗಿಯ ತೊಗರಿ ಹೊಲದ ಎರೆಮಣ್ಣಿನಲ್ಲೋ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಇಂಥ ಗಾಯಗಳಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ. ಆದರೆ ನೀರಿನಿಂದ ಏರೊಮೊನಾಸ್, ಮಣ್ಣಿನಿಂದ ಕ್ಲಾಸ್ಟ್ರಿಡಿಯಮ್, ನೊಕಾರ್ಡಿಯಾ ಅಪರೂಪಕ್ಕೆ ಎಲುಬು ಸೇರುತ್ತವೆ. ರೂಢಿಯಲ್ಲಿ ಮೊದಲು ಕೊಡುವ ಸೆಫಜೋಲಿನ್ ಇಂಜೆಕ್ಷನ್ನನ್ನು ಏರೊಮೊನಾಸ್ ವಿಷಯದಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಆಂಟಿಬಯೋಟಿಕ್ ಮೊದಲ ಒಂದು ತಾಸಿನೊಳಗೆ ಬೀಳಬೇಕು. ತೊಳೆಯಲು ಸಾದಾ ಸಲೈನ್ ಸಾಕು: ಸಣ್ಣ ಗಾಯಕ್ಕೆ 3 ಲೀಟರ್, ದೊಡ್ಡದಕ್ಕೆ 9 ಲೀಟರ್ ತನಕ. ಆದರೆ ಎಷ್ಟು ತೊಳೆದರೂ ಸತ್ತ ಎಲುಬು ಉಳಿದರೆ ಸೋಂಕೂ ಉಳಿಯುತ್ತದೆ. ಅಲ್ಲಿಗೆ ರಕ್ತವೇ ಹರಿಯದು, ಔಷಧಿ ಹೇಗೆ ಹೋದೀತು? ಬ್ಯಾಕ್ಟೀರಿಯಾ ಅದರ ಮೇಲೆ ಅಂಟು ಪೊರೆ ಕಟ್ಟಿಕೊಂಡು ಕೂರುತ್ತವೆ. ಹಾಗಾಗಿ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ.

ಎಲ್ಲರನ್ನೂ ದಾರಿ ತಪ್ಪಿಸುವುದು ಮೈಕೋಬ್ಯಾಕ್ಟೀರಿಯಮ್ ಫಾರ್ಚುಯಿಟಮ್. ಮಣ್ಣಿನಲ್ಲೂ ನೀರಿನಲ್ಲೂ ಬದುಕುವ ಇದು ಟಿಬಿಯ ದಾಯಾದಿ. ಗಾಯ ಮಾಯುತ್ತದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಸಣ್ಣ ತೂತಾಗಿ ನೀರುಕೀವು ಸೋರತೊಡಗುತ್ತದೆ. ಸ್ಯಾಂಪಲ್‌ನಿಂದ ಕ್ರಿಮಿ ಬೆಳೆಸುವ ಕಲ್ಚರ್ ಪ್ಲೇಟನ್ನು 48 ತಾಸಿಗೇ ಬಿಸಾಡಿದರೆ ‘ಬೆಳವಣಿಗೆ ಇಲ್ಲ’ ಎಂಬ ರಿಪೋರ್ಟ್ ಬರುತ್ತದೆ, ಏಕೆಂದರೆ ಇದು ಬೆಳೆಯಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಬಯಾಪ್ಸಿಯಲ್ಲಿ, ಅಂದರೆ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಟಿಬಿಯಂಥ ಗಂಟುಗಳೇ ಕಾಣುತ್ತವೆ. ಅಷ್ಟನ್ನೇ ನಂಬಿ ಟಿಬಿ ಗುಳಿಗೆ ಶುರು ಮಾಡಿದರೆ ತಿಂಗಳುಗಟ್ಟಲೆ ನುಂಗಿದರೂ ಗುಣವಾಗದು: ರಿಫಾಂಪಿಸಿನ್, ಐಸೋನಿಯಾಜಿಡ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಯಾವ ಔಷಧಿಗೆ ಕ್ರಿಮಿ ಬಗ್ಗುತ್ತದೆಂಬ ಸೆನ್ಸಿಟಿವಿಟಿ ಪರೀಕ್ಷೆ ನೋಡಿ ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಕನಿಷ್ಠ ಎರಡು ಔಷಧಿ ಸೇರಿಸಿ, ಎಲುಬಿಗಾದರೆ ಸುಮಾರು 6 ತಿಂಗಳು ಕೊಡಬೇಕಾಗುತ್ತದೆ.

ಆದ್ದರಿಂದ ಸ್ಯಾಂಪಲ್ ತೆಗೆಯುವ ದಿನವೇ ಎಲ್ಲವೂ ತೀರ್ಮಾನವಾಗುತ್ತದೆ. ತೂತಿನ ಬಾಯಿಗೆ ಹತ್ತಿ ಒರೆಸಿದರೆ ಸಿಗುವುದು ಚರ್ಮದ ಮೇಲಿನ ಕ್ರಿಮಿ. ರೋಗಿಯ ಸ್ಥಿತಿ ನೋಡಿ, ಸಾಧ್ಯವಿದ್ದರೆ 2 ವಾರ ಮೊದಲೇ ಆಂಟಿಬಯೋಟಿಕ್ ನಿಲ್ಲಿಸಿ, ಆಳದಿಂದ 5 ತುಣುಕು ತೆಗೆಯಬೇಕು. ಪ್ರತಿ ತುಣುಕಿಗೂ ಬೇರೆ ಉಪಕರಣ, ಬೇರೆ ಸ್ಟೆರೈಲ್ ಡಬ್ಬಿ. ಪೆಥಾಲಜಿಗೆಂದು ಇನ್ನೊಂದು ತುಣುಕು ಮಾತ್ರ, ಅಂಗಾಂಶ ಕೆಡದಂತೆ ಇಡುವ ದ್ರಾವಣವಾದ ಫಾರ್ಮಾಲಿನ್‌ಗೆ. ಎಲ್ಲವನ್ನೂ ಅದರಲ್ಲೇ ಮುಳುಗಿಸುವುದು ಹೊಟ್ಟೆ ಉರಿಸುವ ತಪ್ಪು: ಫಾರ್ಮಾಲಿನ್ ಕ್ರಿಮಿಗಳನ್ನು ಕೊಲ್ಲುತ್ತದೆ, ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ, ರೋಗಿ ಮತ್ತೆ ಆಪರೇಶನ್ ಟೇಬಲ್ ಏರಬೇಕು. ಚೀಟಿಯ ಮೇಲೆ ‘ತೆರೆದ ಮುರಿತ, ಮಣ್ಣು ತಾಗಿದೆ, 14 ದಿನ ಇಡಿ, ಎಎಫ್‌ಬಿ ನೋಡಿ’ ಎಂದು ಬರೆಯಿರಿ. ಎಎಫ್‌ಬಿ ಎಂದರೆ ಟಿಬಿ ಕ್ರಿಮಿಯನ್ನೂ ಅದರ ದಾಯಾದಿಗಳನ್ನೂ ತೋರಿಸುವ ಬಣ್ಣದ ಪರೀಕ್ಷೆ; ಜೀನ್‌ಎಕ್ಸ್‌ಪರ್ಟ್ ಟಿಬಿಯನ್ನಷ್ಟೇ ಗುರುತಿಸುವ ಪರೀಕ್ಷೆ. ಎಎಫ್‌ಬಿ ಪಾಸಿಟಿವ್ ಬಂದು ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಬಂದರೆ ಟಿಬಿ ಗುಳಿಗೆ ಬರೆಯುವ ಮೊದಲು ಲ್ಯಾಬಿಗೆ ಫೋನ್ ಮಾಡಿ, ಪ್ಲೇಟ್ ಇನ್ನೂ ಇಟ್ಟಿದ್ದಾರೆಯೇ ಕೇಳಿ.