ಉತಾರದ ಬೋಜಾದಲ್ಲಿ ಉಳಿದ ಹಳೆಯ ಬ್ಯಾಂಕುಗಳು

ವಿಜಯಪುರ, ಬಾಗಲಕೋಟೆ ಕಡೆಯ ಉತಾರಗಳ (ಪಹಣಿಗಳ) 11ನೇ ಕಾಲಂನಲ್ಲಿ ‘ಬಿಜಾಪುರ ಗ್ರಾಮೀಣ ಬ್ಯಾಂಕ್’ ಎಂಬ ಬೋಜಾ, ಅಂದರೆ ಹೊಲದ ಮೇಲಿನ ಸಾಲದ ನಮೂದು, ಇನ್ನೂ ಕೂತಿರುವುದುಂಟು. ಬೆಳಗಾವಿ ಕಡೆ ಅದೇ ಜಾಗದಲ್ಲಿ ‘ಮಲಪ್ರಭಾ ಗ್ರಾಮೀಣ ಬ್ಯಾಂಕ್’. ಸಾಲ ಯಾವಾಗಲೋ ತೀರಿರುತ್ತದೆ. ಹೊಲ ಮಾರಲು ಹೊರಟಾಗ ಈ ಹೆಸರು ಅಡ್ಡ ಬರುತ್ತದೆ, ಹುಡುಕಿಕೊಂಡು ಹೋದರೆ ಆ ಹೆಸರಿನ ಬೋರ್ಡೇ ಇಲ್ಲ.

ಗ್ರಾಮೀಣ ಬ್ಯಾಂಕುಗಳು ಹುಟ್ಟಿದ್ದು 1975ರ ಸೆಪ್ಟೆಂಬರ್ 26ರ ಸುಗ್ರೀವಾಜ್ಞೆಯಿಂದ. ಬಂಡವಾಳದಲ್ಲಿ ಕೇಂದ್ರದ್ದು ಶೇ 50, ಬೆನ್ನಿಗೆ ನಿಂತ ದೊಡ್ಡ ಬ್ಯಾಂಕು ಅಂದರೆ ಪ್ರಾಯೋಜಕ ಬ್ಯಾಂಕಿನದು ಶೇ 35, ರಾಜ್ಯದ್ದು ಶೇ 15. ಸಿಂಡಿಕೇಟ್ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ, 1983ರಲ್ಲಿ ಬಿಜಾಪುರ ಬ್ಯಾಂಕು ಶುರುವಾದವು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೇ ಅಲ್ಲಿಯ ಉತಾರಗಳಲ್ಲೂ ಬಿಜಾಪುರದ ಹೆಸರು.

ಮೊದಮೊದಲು ಸಣ್ಣ ರೈತರು, ಕೂಲಿಕಾರರು, ಕುಶಲಕರ್ಮಿಗಳಿಗಷ್ಟೇ ಸಾಲ. ನೌಕರರಿಗೆ ರಾಜ್ಯ ಸರ್ಕಾರದ ನೌಕರರ ಮಟ್ಟದ ಸಂಬಳ. ಕಡಿಮೆ ಖರ್ಚಿನ ಬ್ಯಾಂಕು ಎಂಬ ಈ ಲೆಕ್ಕವೇ ಎಡವಿತು. ಐನೂರು ರೂಪಾಯಿ ಸಾಲಕ್ಕೂ ಐವತ್ತು ಸಾವಿರದ ಸಾಲಕ್ಕೂ ಕಾಗದದ ಕೆಲಸ ಒಂದೇ, ಬಡ್ಡಿ ಮಾತ್ರ ಪುಡಿಗಾಸು. 1990ರ ನ್ಯಾಯಮಂಡಳಿ ತೀರ್ಪು ವಾಣಿಜ್ಯ ಬ್ಯಾಂಕುಗಳಿಗೆ ಸಮನಾದ ಸಂಬಳ ಕೊಡಿಸಿತು. ನೌಕರರಿಗೆ ಅದು ನ್ಯಾಯವೇ, ಆದರೆ ಖರ್ಚು ಏರಿತು. ಮೇಲೆ, ಒಂದೆರಡು ಜಿಲ್ಲೆಯನ್ನೇ ನಂಬಿದ ಬ್ಯಾಂಕು. ಮಳೆ ಕೈಕೊಟ್ಟ ವರ್ಷ ಇಡೀ ಪುಸ್ತಕವೇ ಸುಸ್ತಿ.

2005ರ ಸೆಪ್ಟೆಂಬರ್ 12ರಂದು ಮಲಪ್ರಭಾ, ಬಿಜಾಪುರ, ಕುಮಟಾದ ವರದಾ, ಮಂಗಳೂರಿನ ನೇತ್ರಾವತಿ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, ಕೇಂದ್ರ ಕಚೇರಿ ಧಾರವಾಡ. ವಿಜಯಪುರಕ್ಕೂ ಮಂಗಳೂರಿಗೂ ಏನು ನಂಟು? ನಾಲ್ಕಕ್ಕೂ ಪ್ರಾಯೋಜಕ ಸಿಂಡಿಕೇಟ್ ಬ್ಯಾಂಕೇ ಆಗಿತ್ತು, ಅಷ್ಟೇ. ಕೆನರಾ ಬ್ಯಾಂಕಿನ ಕೈಯಲ್ಲಿದ್ದ ಬಳ್ಳಾರಿಯ ಬ್ಯಾಂಕು ನೆರೆಯಲ್ಲೇ ಇದ್ದರೂ ಹೊರಗುಳಿಯಿತು. ಆದರೂ ಬಿಳಿಜೋಳದ ನಾಡೂ ಅಡಿಕೆಯ ನಾಡೂ ಒಂದೇ ಪುಸ್ತಕಕ್ಕೆ ಬಂದದ್ದು ಒಳ್ಳೆಯದೇ. ಎರಡೂ ಕಡೆ ಒಂದೇ ವರ್ಷ ಬೆಳೆ ಕೆಡುವುದು ಅಪರೂಪ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕೇ ಕೆನರಾದಲ್ಲಿ ಕರಗಿತು. ಆಗ ರಾಜ್ಯದಲ್ಲಿ ಉಳಿದಿದ್ದ ಎರಡೂ ಗ್ರಾಮೀಣ ಬ್ಯಾಂಕುಗಳಿಗೆ, ಅಂದರೆ ಧಾರವಾಡದ ವಿಕಾಸಕ್ಕೂ ಬಳ್ಳಾರಿಯ ಬ್ಯಾಂಕಿಗೂ, ಪ್ರಾಯೋಜಕ ಒಬ್ಬನೇ ಆದ. ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕು’ ನೀತಿಯಲ್ಲಿ 2025ರ ಮೇ 1ರಂದು ಎರಡೂ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು. ದೇಶದಲ್ಲಿ 43 ಇದ್ದದ್ದು 28ಕ್ಕಿಳಿಯಿತು. ಕೇಂದ್ರ ಕಚೇರಿ ಬಳ್ಳಾರಿಗೆ ಹೋಯಿತು. ಬೆಳಗಾವಿಯವರಿಗೆ ಧಾರವಾಡ ಹತ್ತಿರವಿತ್ತು ಅನ್ನುವುದು ಬೇರೆ ಮಾತು.

ವಿಲೀನದಲ್ಲಿ ಆಸ್ತಿ, ಸಾಲ, ಹಕ್ಕು ಎಲ್ಲವೂ ಹೊಸ ಬ್ಯಾಂಕಿಗೆ ಸೇರುತ್ತವೆ. ಹಾಗಾಗಿ ಹಳೆಯ ಬೋಜಾ ಇಳಿಸಲು ಬೇಬಾಕಿ ಪತ್ರ (ಸಾಲ ಬಾಕಿ ಇಲ್ಲವೆಂಬ ಪತ್ರ) ಕೊಡಬೇಕಾದ್ದು ಇಂದಿನ ಬ್ಯಾಂಕಿನ ಅದೇ ಊರಿನ ಶಾಖೆ. ಪತ್ರದಲ್ಲಿ ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು), ಸಾಲದ ಮೊತ್ತದ ಜತೆಗೆ ಹಳೆಯ ಮತ್ತು ಈಗಿನ ಹೆಸರು ಎರಡನ್ನೂ ಬರೆಸಿಕೊಳ್ಳಿ. ಉತಾರದಲ್ಲೊಂದು, ಪತ್ರದಲ್ಲೊಂದು ಹೆಸರಿದ್ದರೆ ಕಂದಾಯ ಕಚೇರಿಯಲ್ಲಿ ಅರ್ಜಿ ವಾಪಸಾಗುವ ಸಂಭವ ಹೆಚ್ಚು. ಕಂಪ್ಯೂಟರ್ ಬರುವ ಮೊದಲೇ ತೀರಿದ ಸಾಲ ಪರದೆಯ ಮೇಲೆ ಕಾಣುವುದಿಲ್ಲ, ಕೈಬರಹದ ಲೆಡ್ಜರ್ ತೆಗೆಸಬೇಕು. ಸಾಲ ತುಂಬಿದ ಪಾವತಿ (ರಸೀದಿ) ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಸಾಲಗಾರ ತೀರಿಕೊಂಡಿದ್ದರೆ ವಾರಸಾ ಕಾಗದವನ್ನೂ ಜತೆಗಿಡಿ. ಎಲ್ಲ ಆದ ಮೇಲೆ ಹೊಸ ಉತಾರ ತೆಗೆಸಿ 11ನೇ ಕಾಲಂ ಇನ್ನೊಮ್ಮೆ ನೋಡಿ. ಒಂದು ಹಿಸ್ಸಾದಲ್ಲಿ ಇಳಿದ ಬೋಜಾ ಪಕ್ಕದ ಹಿಸ್ಸಾದಲ್ಲಿ ಹಾಗೇ ಉಳಿದಿರಬಹುದು.