ಮರಣಪತ್ರದ ಮೇಲಿನ ಎರಡನೇ ಸಹಿ

ಮನೆಯಲ್ಲಿ ತೀರಿಕೊಂಡವರ ಮರಣಕಾರಣವನ್ನು ನಮೂನೆ 4ಎಯಲ್ಲಿ ಬರೆದು ಸಹಿ ಹಾಕುವಾಗಲೆಲ್ಲ ನನಗೆ ಇಂಗ್ಲೆಂಡಿನ ಹೈಡ್ ಪಟ್ಟಣ ನೆನಪಾಗುತ್ತದೆ. ಮ್ಯಾಂಚೆಸ್ಟರ್ ಸಮೀಪದ ಆ ಪಟ್ಟಣದಲ್ಲಿ 1977ರಿಂದ ಕುಟುಂಬ ವೈದ್ಯನಾಗಿದ್ದ ಹೆರಾಲ್ಡ್ ಶಿಪ್‌ಮನ್ ತನ್ನ ರೋಗಿಗಳಿಗೆ ಮಾರ್ಫಿನ್‌ನಿಂದ ತಯಾರಾಗುವ ಪ್ರಬಲ ನೋವುನಿವಾರಕ ಡೈಯಾಮಾರ್ಫಿನ್ ಚುಚ್ಚಿ ಕೊಲ್ಲುತ್ತಿದ್ದ. 2000ದ ಜನವರಿಯಲ್ಲಿ 15 ಕೊಲೆಗಳಿಗಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ನ್ಯಾಯಾಧೀಶೆ ಜಾನೆಟ್ ಸ್ಮಿತ್ ಅವರ ವಿಚಾರಣಾ ಆಯೋಗವು 2002ರಲ್ಲಿ, ಅವನ ಕೈಯಲ್ಲಿ ಸತ್ತವರು 215 ಮಂದಿ ಎಂದು ನಿರ್ಣಯಿಸಿತು. ಮುಂದೆ ಒಟ್ಟು ಸಂಖ್ಯೆ ಸುಮಾರು 250 ಇರಬಹುದೆಂದು ಅಂದಾಜಿಸಿತು.

ಇಷ್ಟು ವರ್ಷ ಅವನು ಸಿಕ್ಕಿಬೀಳದೆ ಉಳಿದದ್ದು ಹೇಗೆ ಎಂಬುದೇ ವೈದ್ಯರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಹಲವರು ಹಗಲು ಹೊತ್ತಿನಲ್ಲಿ, ಉಟ್ಟ ಬಟ್ಟೆಯಲ್ಲೇ, ಕುರ್ಚಿಯಲ್ಲಿ ಕುಳಿತಂತೆಯೇ ಪ್ರಾಣ ಬಿಟ್ಟಿದ್ದರು. ಚುಚ್ಚುಮದ್ದು ಕೊಟ್ಟವನೇ ಸಾವನ್ನು ದೃಢಪಡಿಸುತ್ತಿದ್ದ, ಕಾರಣವನ್ನೂ ತಾನೇ ಬರೆಯುತ್ತಿದ್ದ, ಶವಪರೀಕ್ಷೆಯ ಅಗತ್ಯವಿಲ್ಲವೆಂದು ಮನೆಯವರಿಗೆ ಹೇಳುತ್ತಿದ್ದವನೂ ಅವನೇ. ಶವದಹನಕ್ಕೆ ಇನ್ನೊಬ್ಬ ವೈದ್ಯರ ಸಹಿ ಬೇಕೆಂಬ ನಿಯಮ ಅಲ್ಲಿತ್ತು. ಆದರೆ ಆ ಎರಡನೆಯ ವೈದ್ಯರು ಸಹೋದ್ಯೋಗಿಯ ಮಾತನ್ನು ನಂಬಿ ಸಹಿ ಹಾಕುತ್ತಿದ್ದರು. ಅವರಲ್ಲಿ ಯಾರೂ ದುಷ್ಟರಾಗಿರಲಿಲ್ಲ. ವೈದ್ಯನೊಬ್ಬ ಕೊಲ್ಲುತ್ತಿರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನನಗಾದರೂ ಬರುತ್ತಿತ್ತೆಂದು ಎದೆ ಮುಟ್ಟಿಕೊಂಡು ಹೇಳಲಾರೆ.

1976ರಲ್ಲೇ, ಪೆಥಿಡಿನ್ ಎಂಬ ನೋವುನಿವಾರಕದ ಚಟಕ್ಕೆ ಬಿದ್ದು ಔಷಧಚೀಟಿಗಳನ್ನು ನಕಲು ಮಾಡಿದ್ದಕ್ಕಾಗಿ ನ್ಯಾಯಾಲಯ ಅವನಿಗೆ 600 ಪೌಂಡ್ ದಂಡ ವಿಧಿಸಿತ್ತು. ಆದರೂ ವೈದ್ಯಕೀಯ ಮಂಡಳಿ ಎಚ್ಚರಿಕೆಯ ಪತ್ರವೊಂದನ್ನು ಕಳಿಸಿ ಸುಮ್ಮನಾಯಿತು. ಚಟಕ್ಕೆ ಬಿದ್ದ ವೈದ್ಯನಿಗೆ ಚಿಕಿತ್ಸೆ ಸಿಗಬೇಕೆಂಬುದು ನನ್ನ ನಂಬಿಕೆ; ಆದರೆ ಆಮೇಲೆ ಅವನ ಕೈಗೆ ಎಷ್ಟು ಮಾರ್ಫಿನ್ ಹೋಗುತ್ತಿದೆಯೆಂದು ಯಾರೂ ನೋಡದೆ ಬಿಟ್ಟದ್ದಕ್ಕೆ ಸಮರ್ಥನೆಯಿಲ್ಲ.

ಕೊನೆಗೆ ಅನುಮಾನ ಹುಟ್ಟಿದ್ದು ಬರಿಯ ಲೆಕ್ಕದಿಂದ. ಅವನ ಚಿಕಿತ್ಸಾಲಯದ ಎದುರಿನ ಕ್ಲಿನಿಕ್ಕಿನ ವೈದ್ಯೆ ಲಿಂಡಾ ರೆನಾಲ್ಡ್ಸ್, ಶಿಪ್‌ಮನ್‌ನ ಶವದಹನ ಪತ್ರಗಳಿಗೆ ತಮ್ಮ ಕ್ಲಿನಿಕ್ಕಿನವರೇ ಮತ್ತೆ ಮತ್ತೆ ಸಹಿ ಹಾಕುತ್ತಿರುವುದನ್ನು ಗಮನಿಸಿದರು. ತಮ್ಮಲ್ಲಿ ರೋಗಿಗಳು ಅವನಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದರೂ ಸಾವುಗಳು ಅವನಲ್ಲೇ ಹೆಚ್ಚು ಎಂದು ಕಂಡು, 1998ರ ಮಾರ್ಚ್‌ನಲ್ಲಿ ಕರೋನರ್‌ಗೆ, ಅಂದರೆ ಅನುಮಾನಾಸ್ಪದ ಸಾವುಗಳನ್ನು ವಿಚಾರಿಸುವ ಅಧಿಕಾರಿಗೆ, ತಿಳಿಸಿದರು. ಪೊಲೀಸರು ಅವನ ಹಳೆಯ ಶಿಕ್ಷೆಯನ್ನೂ ಪರಿಶೀಲಿಸದೆ ತನಿಖೆ ಮುಗಿಸಿದರು. ಅದಾದ ಮೇಲೆ ಇನ್ನೂ ಮೂವರು ಸತ್ತರು. ಅವರಲ್ಲಿ ಕೊನೆಯವರು, ಜೂನ್ 24ರಂದು ತೀರಿಕೊಂಡ ಹೈಡ್‌ನ ಮಾಜಿ ಮೇಯರ್ ಕ್ಯಾಥ್ಲೀನ್ ಗ್ರಂಡಿ. ಮರಣಪತ್ರದಲ್ಲಿ ಅವನು ಬರೆದ ಕಾರಣ ವೃದ್ಧಾಪ್ಯ. ಆಸ್ತಿಯೆಲ್ಲ ಶಿಪ್‌ಮನ್‌ಗೆ ಸೇರಬೇಕೆಂಬ ಉಯಿಲು ನಕಲಿಯೆಂದು ವಕೀಲೆಯಾದ ಮಗಳು ದೂರಿತ್ತರು. ಗ್ರಂಡಿಯವರನ್ನು ದಹಿಸದೆ ಹೂಳಿದ್ದರಿಂದ ಶವವನ್ನು ಹೊರತೆಗೆದು ಪರೀಕ್ಷಿಸಲು ಸಾಧ್ಯವಾಯಿತು, ಮಾರ್ಫಿನ್ ಸಿಕ್ಕಿತು.

ಕರೋನರ್‌ಗೆ ಹೋಗದ ಸಾವುಗಳನ್ನೂ ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರು ಪರಿಶೀಲಿಸುವ ಕಾನೂನು ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್ 9ರಂದು. ನಮ್ಮ 4ಎಯಲ್ಲಿ ಎರಡನೇ ಸಹಿಗೆ ಜಾಗವೇ ಇಲ್ಲ. ಚಟ್ಟ ಕಟ್ಟುವ ಅವಸರದಲ್ಲಿ, "ನೀವೇ ನೋಡ್ತಿದ್ದವರಲ್ವಾ ಡಾಕ್ಟ್ರೇ, ಬರೆದುಕೊಡಿ" ಎಂದು ಮನೆಯವರು ಕ್ಲಿನಿಕ್ಕಿಗೇ ಬಂದು ನಿಂತಾಗಲೂ ನಾನು ಹೋಗಿ ಶವವನ್ನು ನೋಡಿ, ಕೊನೆಯ ದಿನ ಯಾರು ಯಾವ ಔಷಧ ಕೊಟ್ಟರೆಂದು ಕೇಳಿದ ಮೇಲೆಯೇ ಕಾರಣ ಬರೆಯುತ್ತೇನೆ.